ಕಲ್ಲುಮರಿಗೆಯ ಹಾವಸೆ ಮತ್ತು ಹಿಮದಡಿಯ ಕೆರೆಗಳು

ನಮ್ಮ ಕೊಟ್ಟಿಗೆಯ ಪಕ್ಕ ಒಂದು ಕಲ್ಲುಮರಿಗೆ ಇದೆ. ದನಗಳಿಗೆ ನೀರು, ಕಲಗಚ್ಚು ಕೊಡುತ್ತಿದ್ದ ಹಳೇ ಮರಿಗೆ. ಈಗ ಕೊಟ್ಟಿಗೆಯಲ್ಲಿ ಒಂದೇ ಹಸು, ಹಾಗಾಗಿ ಅದರ ಬಳಕೆ ಕಡಿಮೆ. ಮಳೆಗಾಲ ಮುಗಿಯುವ ಹೊತ್ತಿಗೆ ತಳದಲ್ಲಿ ದಪ್ಪ ಹಾವಸೆ ಕಟ್ಟಿರುತ್ತದೆ. ಕಡುಹಸಿರು, ಅಲ್ಲಲ್ಲಿ ಕಪ್ಪು. ಮುಟ್ಟಿದರೆ ಲೋಳೆಲೋಳೆ. ಕಳೆದ ಅಕ್ಟೋಬರಿನಲ್ಲಿ ಅದನ್ನು ತಿಕ್ಕಿ ತೊಳೆಯಲು ಹೋದವಳು ಪೊರಕೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಒಳಗಿನಿಂದ ಅತ್ತೆ ಎರಡು ಸಲ ಕೂಗಿದರು, "ಒಂದು ಮರಿಗೆ ತೊಳೆಯೋಕೆ ಎಷ್ಟು ಹೊತ್ತು ಮಾರಾಯ್ತಿ!"

ನಾನು ಹೋದಾಗ ಹಾವಸೆ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಹತ್ತು ಗಂಟೆಯ ಸುಮಾರಿಗೆ ಬಿಸಿಲು ಅಡಿಕೆ ಮರದ ನೆರಳು ದಾಟಿ ಮರಿಗೆಗೆ ಬಿತ್ತು. ಸ್ವಲ್ಪ ಹೊತ್ತಿಗೆ ಹಾವಸೆಯ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮೂಡಿದವು. ಒಂದೊಂದೇ ದೊಡ್ಡದಾಗಿ, ಪಕ್ಕದ್ದನ್ನು ಸೇರಿಸಿಕೊಂಡು ಮತ್ತೂ ದೊಡ್ಡದಾದವು. ಹನ್ನೊಂದೂವರೆಗೆ ಒಂದು ಮೂಲೆಯ ಹಾವಸೆ ಪೂರಿಯ ಹಾಗೆ ಉಬ್ಬಿ ತಳ ಬಿಟ್ಟಿತು. ಅಂಗೈ ಅಗಲದ ಒಂದು ತುಂಡು ಕಿತ್ತುಕೊಂಡು ಮೇಲೆ ಬಂದು ತೇಲಿತು.

ಗುಳ್ಳೆಯಲ್ಲಿದ್ದದ್ದು ಆಮ್ಲಜನಕ. ಹಾವಸೆಯಲ್ಲಿ ಬರೀ ಪಾಚಿ ಇರುವುದಿಲ್ಲ. ಅದರ ದೊಡ್ಡ ಪಾಲು ಸಯನೋಬ್ಯಾಕ್ಟೀರಿಯಾ ಎಂಬ ಜೀವಿಗಳು. ಶಾಲೆಯ ಪುಸ್ತಕದಲ್ಲಿ ಇವನ್ನೇ ನೀಲಿ-ಹಸಿರು ಪಾಚಿ ಎಂದು ಓದಿದ್ದೇವೆ. ಹೆಸರಿನಲ್ಲಿ ಪಾಚಿ ಇದ್ದರೂ ಇವು ಬ್ಯಾಕ್ಟೀರಿಯಾಗಳು. ಎಲೆ ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ. ಬೆಳಕಿನ ಬಲದಿಂದ ನೀರನ್ನು ಒಡೆದು, ಇಂಗಾಲದ ಡೈಆಕ್ಸೈಡ್ ಸೇರಿಸಿ, ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತವೆ. ನೀರು ಒಡೆದಾಗ ಉಳಿಯುವ ಆಮ್ಲಜನಕವನ್ನು ಹೊರಗೆ ಬಿಡುತ್ತವೆ. ಇದೇ ದ್ಯುತಿಸಂಶ್ಲೇಷಣೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ನಮ್ಮ ಮರಿಗೆಯಲ್ಲಿ ನಡೆದದ್ದೇ ಅಂಟಾರ್ಕ್ಟಿಕಾದ ಹೋರ್ ಎಂಬ ಸರೋವರದ ತಳದಲ್ಲೂ ನಡೆಯುತ್ತದೆ. ಮೂರ್ನಾಲ್ಕು ಮೀಟರ್ ದಪ್ಪದ ಹಿಮಗಡ್ಡೆಯ ಅಡಿಯಲ್ಲಿ! ಅಲ್ಲೂ ಹಾವಸೆ ಹಾಸಿನ ಹಾಗೆ ಹರಡಿರುತ್ತದೆ. ಅಲ್ಲೂ ಗುಳ್ಳೆ ಸೇರಿ ಹಾವಸೆ ತಳ ಬಿಟ್ಟು ಏಳುತ್ತದೆ. ಮೇಲೆ ತೇಲಿ ಬಂದ ತುಂಡು ಹಿಮದ ಅಡಿಭಾಗಕ್ಕೆ ತಾಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಮುಂದಿನದು ಇನ್ನೂ ಚೆಂದ. ಆ ಹಿಮದ ಮೇಲ್ಮೈಯನ್ನು ಒಣಗಾಳಿ ವರ್ಷವರ್ಷವೂ ಸವೆಸುತ್ತದೆ. ಅಡಿಯಲ್ಲಿ ಹೊಸ ಹಿಮ ಕಟ್ಟುತ್ತಾ ಬರುತ್ತದೆ. ಹೀಗೆ ಒಳಗೆ ಸಿಕ್ಕಿಕೊಂಡ ಹಾವಸೆ ಸ್ವಲ್ಪಸ್ವಲ್ಪವೇ ಮೇಲಕ್ಕೆ ಬಂದು, ಕೆಲವು ವರ್ಷಗಳ ನಂತರ ಹಿಮದ ಮೇಲೆ ಒಣಗಿದ ಸಿಪ್ಪೆಯಾಗಿ ಹೊರಬೀಳುತ್ತದೆ. ಅಲ್ಲಿಂದ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ.

ಈ ಹೋರ್ ಸರೋವರ ಇರುವುದು ಮೆಕ್‌ಮರ್ಡೋ ಒಣ ಕಣಿವೆಗಳಲ್ಲಿ. ಅಂಟಾರ್ಕ್ಟಿಕಾ ಎಂದರೆ ಎಲ್ಲೆಲ್ಲೂ ಹಿಮ ಎಂದುಕೊಳ್ಳುತ್ತೇವೆ, ಅಲ್ವಾ? ಈ ಕಣಿವೆಗಳಲ್ಲಿ ಬೋಳು ಮಣ್ಣು, ಬೋಳು ಕಲ್ಲು. 1903ರಲ್ಲಿ ಬ್ರಿಟನ್ನಿನ ಅನ್ವೇಷಕ ರಾಬರ್ಟ್ ಸ್ಕಾಟ್ ತಂಡದವರು ಇಲ್ಲಿನ ಒಂದು ಕಣಿವೆಗೆ ಮೊದಲ ಸಲ ಕಾಲಿಟ್ಟರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಒಣ ಕಣಿವೆಯ ತಳದಲ್ಲಿ ಇಡೀ ವರ್ಷ ಬೀಳುವ ಹಿಮವನ್ನು ಕರಗಿಸಿದರೂ ನೂರು ಮಿಲಿಮೀಟರ್ ಆಗುವುದಿಲ್ಲ. ಅಷ್ಟು ಮಳೆ ನಮ್ಮಲ್ಲಿ ಆಷಾಢದ ಒಂದೇ ದಿನದಲ್ಲಿ ಸುರಿದುಹೋಗುತ್ತದೆ. ಬೇಸಿಗೆಯಲ್ಲಿ ಕೆಲವು ವಾರ ಸುತ್ತಲಿನ ಹಿಮನದಿಗಳು ಚೂರು ಕರಗಿ ಸಣ್ಣ ತೊರೆಗಳಾಗಿ ಹರಿಯುತ್ತವೆ. ಹೋರ್, ಫ್ರಿಕ್ಸೆಲ್, ಬಾನಿ, ವಾಂಡಾ ಮುಂತಾದ ಸರೋವರಗಳಿಗೆ ಅದೇ ನೀರು.

ಅಷ್ಟು ಚಳಿಯಲ್ಲಿ ಸರೋವರ ತಳದವರೆಗೂ ಯಾಕೆ ಗಟ್ಟಿಯಾಗುವುದಿಲ್ಲ? ಅದಕ್ಕೆ ನೀರಿನ ಗುಣವೇ ಕಾರಣ. ಬೇರೆ ಹೆಚ್ಚಿನ ದ್ರವಗಳು ಗಟ್ಟಿಯಾದರೆ ಮುಳುಗುತ್ತವೆ. ನೀರು ಮಾತ್ರ ಗಟ್ಟಿಯಾದರೆ ತೇಲುತ್ತದೆ. ಹಾಗಾಗಿ ಹಿಮ ಮೇಲೆ ಮುಚ್ಚಳವಾಗಿ ಕೂರುತ್ತದೆ, ಕಂಬಳಿಯ ಹಾಗೆ ಒಳಗಿನ ಬಿಸಿ ಹೊರಹೋಗದಂತೆ ತಡೆಯುತ್ತದೆ. ಜೊತೆಗೆ ನೀರು ಹಿಮವಾಗುವಾಗ ತನ್ನೊಳಗಿನ ಬಿಸಿಯನ್ನು ಬಿಟ್ಟುಕೊಡುತ್ತದೆ. ಮುಚ್ಚಳ ದಪ್ಪವಾದಷ್ಟೂ ಹೊಸ ಹಿಮ ಕಟ್ಟುವುದು ನಿಧಾನವಾಗುತ್ತದೆ. ಮೇಲೆ ಸವೆಯುವುದೂ ಕೆಳಗೆ ಕಟ್ಟುವುದೂ ಸರಿಸಮವಾದಾಗ ದಪ್ಪ ಅಲ್ಲಿಗೇ ನಿಲ್ಲುತ್ತದೆ. ಒಳಗಿನ ನೀರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ನೀರಾಗಿಯೇ ಉಳಿಯುತ್ತದೆ.

ವಾಂಡಾ ಸರೋವರದ ವಿಷಯ ಕೇಳಿದರೆ ನಂಬುವುದೇ ಕಷ್ಟ. ಸುಮಾರು 75 ಮೀಟರ್ ಆಳದ ಆ ಸರೋವರದ ತಳದ ನೀರು ಸುಮಾರು 25 ಡಿಗ್ರಿ ಬೆಚ್ಚಗಿದೆ. ಮೇಲೆ ಹಿಮ, ಕೆಳಗೆ ಶಿವಮೊಗ್ಗದ ಹಿತವಾದ ಹವೆ! ಭೂಮಿಯೊಳಗಿನ ಬಿಸಿ ಬರುತ್ತಿರಬೇಕು ಎಂದು ಮೊದಲಿಗೆ ಅನುಮಾನವಿತ್ತು. ಕೊನೆಗೆ ಗೊತ್ತಾದದ್ದು, ಅದು ಬಿಸಿಲಿನ ಕೆಲಸ. ಬೆಲ್ಲದ ಪಾನಕ ಕಲಕದೆ ಇಟ್ಟರೆ ಸಿಹಿ ಎಲ್ಲ ತಳದಲ್ಲಿ ಕೂರುತ್ತದಲ್ಲ, ವಾಂಡಾದಲ್ಲಿ ಉಪ್ಪು ಹಾಗೆ ಕೂತಿದೆ. ತಳದ ನೀರು ಸಮುದ್ರದ ನೀರಿಗಿಂತ ಜಾಸ್ತಿ ಉಪ್ಪು, ಜಾಸ್ತಿ ಭಾರ. ತಿಳಿಹಿಮದ ಮೂಲಕ ಇಳಿದ ಬಿಸಿಲು ಅದನ್ನು ಕಾಯಿಸುತ್ತದೆ. ಸಾಮಾನ್ಯವಾಗಿ ಬಿಸಿಯಾದ ನೀರು ಹಗುರಾಗಿ ಮೇಲೇಳಬೇಕು. ಇಲ್ಲಿ ಉಪ್ಪಿನ ಭಾರ ಅದನ್ನು ಏಳಲು ಬಿಡುವುದಿಲ್ಲ. ಮೇಲೆ ಹಿಮದ ಮುಚ್ಚಳ ಇರುವುದರಿಂದ ಗಾಳಿಯೂ ಕಲಕುವುದಿಲ್ಲ. ವರ್ಷಗಟ್ಟಲೆ ಕೂಡಿಬಿದ್ದ ಬಿಸಿಲು ಅಲ್ಲೇ ಉಳಿದುಬಿಟ್ಟಿದೆ.

ಹಿಮದಡಿಯ ಈ ಬ್ಯಾಕ್ಟೀರಿಯಾಗಳಿಗೆ ಚಳಿಗಿಂತ ದೊಡ್ಡ ತಾಪತ್ರಯ ಬೆಳಕಿನದು. ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸಿದ್ದು ಇದೇ. ವಾಂಡಾದಂಥ ತಿಳಿಹಿಮದ ಕಡೆ ಬಿಟ್ಟರೆ, ಹೋರ್, ಫ್ರಿಕ್ಸೆಲ್‌ನಂಥ ಸರೋವರಗಳಲ್ಲಿ ಹಿಮದ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಮೂರು ಪಾಲು ಕೆಳಗೆ ಇಳಿದರೆ ಅದೇ ಹೆಚ್ಚು. ಎಷ್ಟೋ ಕಡೆ ಒಂದು ಪಾಲೂ ಇಳಿಯುವುದಿಲ್ಲ. ಆಗುಂಬೆಯ ದಟ್ಟ ಕಾಡಿನೊಳಗೆ ನಡುಮಧ್ಯಾಹ್ನ ನಿಂತವರಿಗೆ ಇದು ಅರ್ಥವಾಗುತ್ತದೆ. ಮೇಲೆ ಉರಿಬಿಸಿಲು, ನೆಲದಲ್ಲಿ ಸಂಜೆಯ ಮಬ್ಬು. ಅಂಥ ನೆಲದಲ್ಲೂ ಗಿಡಗಳು ಬದುಕುತ್ತವೆ, ಸಿಕ್ಕ ಚೂರು ಬೆಳಕಿಗೆ ಅಗಲ ಎಲೆ ಒಡ್ಡಿಕೊಂಡು. ಹಿಮದಡಿಯ ಜೀವಿಗಳದ್ದೂ ಇದೇ ಪಾಡು.

ಇಳಿದು ಬರುವ ಬೆಳಕಿನ ಬಣ್ಣವೂ ಬೇರೆ. ಬಿಸಿಲಿನಲ್ಲಿ ಏಳು ಬಣ್ಣ ಇದೆ. ಹಿಮ ಮತ್ತು ನೀರು ಅದರಲ್ಲಿ ಕೆಂಪನ್ನು ಬೇಗ ನುಂಗಿಹಾಕುತ್ತವೆ. ಆಳಕ್ಕೆ ತಲುಪುವುದು ನೀಲಿ ಮತ್ತು ಹಸಿರು. ಎಲೆಯಲ್ಲಿರುವ ಪತ್ರಹರಿತ್ತಿಗೆ ಕೆಂಪು ಬೇಕು, ನೀಲಿ ಬೇಕು, ಹಸಿರು ಅಷ್ಟಾಗಿ ಬೇಡ. ಬೇಡವಾದ ಹಸಿರನ್ನು ವಾಪಸ್ ಎಸೆಯುವುದರಿಂದಲೇ ಎಲೆ ನಮಗೆ ಹಸಿರು ಕಾಣುವುದು. ಹಿಮದಡಿಯಲ್ಲಿ ಹಸಿರನ್ನು ಬಿಸಾಡಿದರೆ ಸಂಸಾರ ನಡೆಯುವುದಿಲ್ಲ. ಅದಕ್ಕೇ ಅಲ್ಲಿನ ಎಷ್ಟೋ ಸಯನೋಬ್ಯಾಕ್ಟೀರಿಯಾಗಳು ಫೈಕೋಎರಿತ್ರಿನ್ ಎಂಬ ಕೆಂಪು ಬಣ್ಣದ ವಸ್ತುವನ್ನು ಇಟ್ಟುಕೊಂಡಿವೆ. ಅದು ಹಸಿರು ಬೆಳಕನ್ನು ಹಿಡಿದು, ಪತ್ರಹರಿತ್ತಿನ ಕೈಗೆ ದಾಟಿಸುತ್ತದೆ. ಹಸಿರನ್ನು ನುಂಗುವ ವಸ್ತು ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ಹಾಗಾಗಿ ಅಲ್ಲಿನ ಹಾವಸೆಯಲ್ಲಿ ನೇರಳೆ, ಕೆಂಗಂದು ಬಣ್ಣಗಳೂ ಇರುತ್ತವೆ.

ಇನ್ನು ಚಳಿ. ಚಳಿಗಾಲದ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಒಲೆಯ ಹತ್ತಿರ ಇಟ್ಟರೆ ಮಾತ್ರ ಕರಗುತ್ತದೆ. ಅಡುಗೆಮನೆಯ ಕಡಲೆಕಾಯಿ ಎಣ್ಣೆ ಅದೇ ಚಳಿಯಲ್ಲಿ ನೀರಿನ ಹಾಗೇ ಇರುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನ ಕಣಗಳು ನೇರ ಕಡ್ಡಿಗಳ ಹಾಗೆ. ಒತ್ತಾಗಿ ಜೋಡಿಸಿದರೆ ಕಟ್ಟು ಬಿಗಿಯಾಗುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚಿನವು ಸೊಟ್ಟ ಕಡ್ಡಿಗಳು, ಒತ್ತಾಗಿ ಕೂರುವುದಿಲ್ಲ. ಪ್ರತಿ ಜೀವಕೋಶದ ಸುತ್ತ ಇರುವ ತೆಳು ಪೊರೆಯೂ ಇಂಥ ಕೊಬ್ಬಿನದೇ. ಅದು ಗಟ್ಟಿಯಾದರೆ ಒಳಗೆ ಹೊರಗೆ ಓಡಾಟ ನಿಂತು ಜೀವಿ ಸಾಯುತ್ತದೆ. ಚಳಿ ಜಾಸ್ತಿಯಾದಾಗ ಈ ಬ್ಯಾಕ್ಟೀರಿಯಾಗಳು ಪೊರೆಯ ನೇರ ಕಡ್ಡಿಗಳನ್ನು ಸೊಟ್ಟ ಮಾಡಿಕೊಳ್ಳುತ್ತವೆ. ಪೊರೆ ಮೆತ್ತಗೇ ಉಳಿಯುತ್ತದೆ.

ಹಾಗಂತ ಅವಕ್ಕೆ ಚಳಿಯೆಂದರೆ ಪ್ರೀತಿ ಎಂದುಕೊಳ್ಳಬೇಡಿ. ಧ್ರುವಪ್ರದೇಶದ ಸಯನೋಬ್ಯಾಕ್ಟೀರಿಯಾಗಳನ್ನು ತಂದು ಪ್ರಯೋಗಾಲಯದಲ್ಲಿ ಬೆಳೆಸಿದರೆ, ಹೆಚ್ಚಿನವು ಚೆನ್ನಾಗಿ ಬೆಳೆಯುವುದು 15 ಡಿಗ್ರಿಯ ಮೇಲೆಯೇ. ಅವು ಚಳಿಯನ್ನು ಇಷ್ಟಪಡುವುದಿಲ್ಲ, ತಡೆದುಕೊಳ್ಳುತ್ತವೆ. ನಿಧಾನವಾಗಿ ಬೆಳೆದರೂ ಅಡ್ಡಿಯಿಲ್ಲ ಎಂದು ಒಪ್ಪಿಕೊಂಡು ಬದುಕುತ್ತವೆ. ಅಲ್ಲಿ ಅವಸರ ಮಾಡುವವರು ಬೇರೆ ಯಾರೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ನೀರು ಒಡೆದು ಆಮ್ಲಜನಕ ಬಿಡುವವರ ಕತೆ. ಇನ್ನೊಂದು ಪಂಗಡ ಇದೆ. ನಾಟಿ ಗದ್ದೆಯಲ್ಲಿ ಕೆಸರಿಗೆ ಕಾಲು ಊರಿದಾಗ ಬುಳುಕ್ ಎಂದು ಗುಳ್ಳೆ ಬಂದು, ಕೆಲವು ಸಲ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಗಾಳಿಯಾಡದ ಕೆಸರಿನಲ್ಲಿ ಹುಟ್ಟುವ ಗಂಧಕದ ಅನಿಲ. ನಮಗೆ ವಿಷ. ಹಸಿರು ಗಂಧಕ ಬ್ಯಾಕ್ಟೀರಿಯಾಗಳಿಗೆ ಅದೇ ಬೇಕು. ಇವು ನೀರಿನ ಬದಲು ಆ ಅನಿಲವನ್ನು ಒಡೆಯುತ್ತವೆ. ಆಗ ಆಮ್ಲಜನಕದ ಬದಲು ಗಂಧಕ ಉಳಿಯುತ್ತದೆ. ಆಮ್ಲಜನಕ ಇದ್ದಲ್ಲಿ ಇವು ಬೆಳೆಯುವುದಿಲ್ಲ.

ಇವು ಎಲ್ಲಿ ಮನೆ ಮಾಡಬೇಕು ಎಂದು ಯೋಚಿಸಿ. ಬೆಳಕು ಬರುವುದು ಮೇಲಿನಿಂದ, ಗಂಧಕದ ಅನಿಲ ಬರುವುದು ತಳದಿಂದ. ಎರಡೂ ಸಿಗುವುದು ನಡುವಿನ ಒಂದು ತೆಳು ಪದರದಲ್ಲಿ ಮಾತ್ರ. ಅಂಟಾರ್ಕ್ಟಿಕಾದ ವೆಸ್ಟ್‌ಫೋಲ್ಡ್ ಬೆಟ್ಟಗಳಲ್ಲಿರುವ ಏಸ್ ಸರೋವರದಲ್ಲಿ ಈ ಪದರ ಸುಮಾರು 12 ಮೀಟರ್ ಆಳದಲ್ಲಿದೆ. ಅದು ಹಿಂದೆ ಸಮುದ್ರದ ಭಾಗವಾಗಿದ್ದ ನೀರು. ಮೇಲೆ ಆಮ್ಲಜನಕದ ನೀರು, ಕೆಳಗೆ ವಾಸನೆಯ ನೀರು, ಎರಡೂ ಬೆರೆಯುವುದಿಲ್ಲ. ಗಡಿಯಲ್ಲಿ ಕ್ಲೋರೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು ದಟ್ಟವಾಗಿ ನೆರೆದಿವೆ. ವರ್ಷದ ಹೆಚ್ಚು ತಿಂಗಳು ಮೇಲೆ ಹಿಮ ಇರುತ್ತದೆ. ಅಷ್ಟು ಆಳಕ್ಕೆ ಇಳಿಯುವ ಬೆಳಕು ಎಳ್ಳಷ್ಟು. ಅದನ್ನು ಹಿಡಿಯಲು ಇವುಗಳ ಬಳಿ ಕ್ಲೋರೋಸೋಮ್ ಎಂಬ ಸಣ್ಣ ಚೀಲಗಳಿವೆ. ಒಂದೊಂದು ಚೀಲದಲ್ಲೂ ಬೆಳಕು ಹಿಡಿಯುವ ಕಣಗಳು ಲಕ್ಷಗಟ್ಟಲೆ. ಮಳೆಹನಿ ಹಿಡಿಯಲು ಸೂರಿನಡಿ ಸಾಲಾಗಿ ಕೊಡ, ಹಂಡೆ, ಚೊಂಬು ಎಲ್ಲ ಇಟ್ಟ ಹಾಗೆ. ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳಲ್ಲಿ ಅತಿ ಕಡಿಮೆ ಬೆಳಕಿನಲ್ಲಿ ಬದುಕಬಲ್ಲವು ಈ ಪಂಗಡದವೇ.

ಸೂರ್ಯನೇ ಬಾರದ ತಿಂಗಳುಗಳಲ್ಲಿ ಏನು ಮಾಡುತ್ತವೆ? ಒಣ ಕಣಿವೆಗಳಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಸೂರ್ಯ ಮೇಲೇಳುವುದಿಲ್ಲ. ಸಯನೋಬ್ಯಾಕ್ಟೀರಿಯಾಗಳು ಬೇಸಿಗೆಯಲ್ಲಿ ಮಾಡಿಟ್ಟ ಸಕ್ಕರೆಯ ದಾಸ್ತಾನನ್ನು ಚೂರುಚೂರೇ ಖರ್ಚು ಮಾಡುತ್ತಾ ಕಾಯುತ್ತವೆ. ಇಲ್ಲಿ ಚಳಿಯಿಂದ ಉಪಕಾರವೇ ಆಗುತ್ತದೆ. ತಣ್ಣಗಿದ್ದಷ್ಟೂ ಖರ್ಚು ಕಡಿಮೆ.

ಅವುಗಳ ತಾಳ್ಮೆ ಎಷ್ಟು ಎಂಬುದಕ್ಕೆ ಒಂದು ಪ್ರಸಂಗ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಜಂಬಿಟ್ಟಿಗೆ ಕಲ್ಲಿನ ನೆಲದ ಮೇಲೆ ಹಸಿರು-ಕಂದು ಲೋಳೆ ಮುದ್ದೆಗಳು ಕಾಣುತ್ತವೆ. ಬೇಸಿಗೆಯಲ್ಲಿ ಅವೇ ಒಣಗಿ ಕರಿ ಹಪ್ಪಳದ ಚೂರಾಗಿರುತ್ತವೆ. ಮತ್ತೆ ಮಳೆ ಬಿದ್ದರೆ ಉಬ್ಬಿ ನಿಲ್ಲುತ್ತವೆ. ಅದು ನಾಸ್ಟಾಕ್ ಎಂಬ ಸಯನೋಬ್ಯಾಕ್ಟೀರಿಯಾ. ಅದೇ ಕುಲದವು ಒಣ ಕಣಿವೆಯ ತೊರೆಗಳಲ್ಲೂ ಇವೆ. ಅಲ್ಲಿ ಸುಮಾರು 20 ವರ್ಷ ನೀರು ಹರಿಯದೆ ಒಣಗಿಬಿದ್ದ ಒಂದು ಹಳೇ ಪಾತ್ರಕ್ಕೆ 1990ರ ದಶಕದಲ್ಲಿ ವಿಜ್ಞಾನಿಗಳು ನೀರು ತಿರುಗಿಸಿದರು. ಕೆಲವೇ ದಿನಗಳಲ್ಲಿ ಅಲ್ಲಿದ್ದ ಒಣಹಾವಸೆ ಜೀವ ತಳೆದು ದ್ಯುತಿಸಂಶ್ಲೇಷಣೆ ಶುರುಮಾಡಿತು. ಇದನ್ನು ಓದಿದ ಮೇಲೆ ಅಂಗಳದ ಕರಿ ಚೂರುಗಳನ್ನು ನಾನು ನೋಡುವ ರೀತಿಯೇ ಬದಲಾಗಿದೆ.

ಹಿಮದ ಒಳಗೂ ಬದುಕು ಇದೆ. ಗಾಳಿ ತಂದು ಹಾಕಿದ ಕರಿಮರಳು ಬೇಸಿಗೆಯ ಬಿಸಿಲಿಗೆ ಕಾದು, ಸುತ್ತಲಿನ ಹಿಮ ಕರಗಿಸಿಕೊಂಡು ಒಳಗೆ ಇಳಿಯುತ್ತದೆ. ಸುಮಾರು ಎರಡು ಮೀಟರ್ ಆಳದಲ್ಲಿ ನಿಂತು, ಸುತ್ತ ಚೂರು ನೀರು ಮಾಡಿಕೊಳ್ಳುತ್ತದೆ. ಆ ನೀರಿನಲ್ಲಿ ಸಯನೋಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಗಾಳಿಯ ಸಾರಜನಕವನ್ನೂ ಗೊಬ್ಬರವಾಗಿ ಮಾಡಿಕೊಳ್ಳುತ್ತವೆ. 1998ರಲ್ಲಿ ಜಾನ್ ಪ್ರಿಸ್ಕು ಮತ್ತು ಜೊತೆಗಾರರು ಇದನ್ನು ವರದಿ ಮಾಡಿದರು. ನಾವು ಹಸುವಿಗೆಂದು ತೊಟ್ಟಿಯಲ್ಲಿ ಬೆಳೆಸುವ ಅಜೋಲ್ಲಾದ ಎಲೆಯೊಳಗೆ ಇರುವ ಸಯನೋಬ್ಯಾಕ್ಟೀರಿಯಾ ಮಾಡುವುದೂ ಇದೇ ಗೊಬ್ಬರದ ಕೆಲಸ.

ನಮ್ಮ ಕೆರೆಗಳಲ್ಲಿ ಹಾವಸೆ ತುಂಬಾ ದಪ್ಪ ಬೆಳೆಯುವುದಿಲ್ಲ. ಮೀನು, ಬಸವನಹುಳು, ಗೊದಮೊಟ್ಟೆ ಎಲ್ಲ ಅದನ್ನು ಕೆರೆದು ತಿನ್ನುತ್ತವೆ. ಒಣ ಕಣಿವೆಯ ಸರೋವರಗಳಲ್ಲಿ ಮೀನಿಲ್ಲ, ಬಸವನಹುಳು ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳು ಮಾತ್ರ. ಹಾಗಾಗಿ ಹಾವಸೆ ವರ್ಷಕ್ಕೊಂದು ಪದರ ಬೆಳೆಯುತ್ತಾ ಹೋಗುತ್ತದೆ. ಬೇಸಿಗೆಯ ಬೆಳವಣಿಗೆ ಒಂದು ಪದರ, ಆಮೇಲೆ ಬಿಡುವು, ಮತ್ತೆ ಒಂದು ಪದರ. ಮರದ ಉಂಗುರ ಎಣಿಸಿದ ಹಾಗೆ ಅದನ್ನೂ ಎಣಿಸಬಹುದು. ಅಂಟಾರ್ಕ್ಟಿಕಾದ ಇನ್ನೊಂದು ಭಾಗವಾದ ಕ್ವೀನ್ ಮಾಡ್ ಲ್ಯಾಂಡಿನ ಉಂಟರ್ಸೀ ಸರೋವರದಲ್ಲಿ ಹಾವಸೆ ಶಂಕುವಿನ ಆಕಾರದಲ್ಲಿ ಎದ್ದು ನಿಂತಿದೆ. ಕೆಲವು ಅರ್ಧ ಮೀಟರ್ ಎತ್ತರ. 2011ರಲ್ಲಿ ಡೇಲ್ ಆಂಡರ್ಸನ್ ಮತ್ತು ಜೊತೆಗಾರರು ಇವುಗಳ ಬಗ್ಗೆ ಬರೆದಾಗ ಭೂವಿಜ್ಞಾನಿಗಳಿಗೆ ತುಂಬಾ ಸಂತೋಷವಾಯಿತು. ಅಂಥ ಆಕಾರವನ್ನು ಅವರು ಹಳೆಯ ಬಂಡೆಗಳಲ್ಲಿ ನೋಡಿದ್ದರು.

ಅಂಥ ಬಂಡೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಕುಂಸಿ ಸಿಗುತ್ತದಲ್ಲ, ಅದರ ಸುತ್ತಿನ ಸುಣ್ಣಕಲ್ಲಿನ ಬಂಡೆಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ಗುರುತುಗಳಿವೆ. ಈರುಳ್ಳಿ ಅಡ್ಡ ಕೊಯ್ದ ಹಾಗೆ ಒಂದರ ಮೇಲೊಂದು ಬಾಗಿದ ಪದರಗಳು. ಆಳವಿಲ್ಲದ ನೀರಿನಲ್ಲಿ ಬೆಳೆದ ಹಾವಸೆ, ಮೇಲೆ ಕೂತ ಸುಣ್ಣದ ಕಣಗಳನ್ನು ಹಿಡಿದಿಟ್ಟುಕೊಂಡು, ಮತ್ತೆ ಅದರ ಮೇಲೆ ಬೆಳೆದು ಕಟ್ಟಿದ ಕಲ್ಲು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆಗ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎನ್ನಬಹುದು. ಅದು ಗಾಳಿಯಲ್ಲಿ ಸೇರಲು ಶುರುವಾದದ್ದು ಸುಮಾರು 240 ಕೋಟಿ ವರ್ಷದ ಹಿಂದೆ.

ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಕಾಲದಲ್ಲಿ ಅದನ್ನು ತಯಾರಿಸುವ ಜೀವಿಯ ಸುತ್ತ ಏನಾಗುತ್ತಿತ್ತು? ಇದನ್ನು ಕಣ್ಣಾರೆ ನೋಡಲು ಸಿಕ್ಕಿದ್ದು ಫ್ರಿಕ್ಸೆಲ್ ಸರೋವರದಲ್ಲಿ. ಅಲ್ಲಿ ಸುಮಾರು ಹತ್ತು ಮೀಟರ್ ಆಳದಿಂದ ಕೆಳಗಿನ ನೀರಿನಲ್ಲಿ ಆಮ್ಲಜನಕ ಇಲ್ಲ. ಆದರೂ ಬೇಸಿಗೆಯಲ್ಲಿ ಆ ಗಡಿಯ ಹಾವಸೆಯೊಳಗೆ ಸೂಜಿಯಂಥ ಉಪಕರಣ ಚುಚ್ಚಿ ಅಳೆದಾಗ, ಒಂದೆರಡು ಮಿಲಿಮೀಟರ್ ದಪ್ಪದ ಆಮ್ಲಜನಕದ ಪದರ ಸಿಕ್ಕಿತು. 2015ರಲ್ಲಿ ಈ ಸುದ್ದಿ ಹೊರಬಂತು. ಕಡಲೆಬೇಳೆಯಷ್ಟೂ ದಪ್ಪವಿಲ್ಲದ ಆಮ್ಲಜನಕದ ಲೋಕ, ಸುತ್ತ ಉಸಿರಿಲ್ಲದ ನೀರು. ಕುಂಸಿಯ ಕಲ್ಲು ಕಟ್ಟಿದವರ ಮೈಮೇಲೂ ಬಿಸಿಲಿದ್ದಾಗ ಇಂಥದ್ದೊಂದು ಪದರ ಮೂಡುತ್ತಿದ್ದಿರಬಹುದು.

ಈ ಕೆಲಸದಲ್ಲಿ ನಮ್ಮ ದೇಶದವರೂ ಇದ್ದಾರೆ. ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ನೆಲೆ ಇರುವುದು ನೂರಕ್ಕೂ ಹೆಚ್ಚು ಸರೋವರಗಳಿರುವ ಶಿರ್ಮಾಕರ್ ಓಯಸಿಸ್‌ನಲ್ಲಿ. ಅಲ್ಲಿರುವವರು ಕುಡಿಯುವ ನೀರು ಪಕ್ಕದ ಪ್ರಿಯದರ್ಶಿನಿ ಸರೋವರದ್ದು. 2012ರಲ್ಲಿ ಶುರುವಾದ ಭಾರತಿ ನೆಲೆಯ ಸುತ್ತಲೂ ಸರೋವರಗಳಿವೆ. ಇವನ್ನೆಲ್ಲ ನೋಡಿಕೊಳ್ಳುವ ಧ್ರುವ ಸಂಶೋಧನಾ ಕೇಂದ್ರ ಇರುವುದು ಘಟ್ಟದ ಕೆಳಗೆ, ಗೋವಾದಲ್ಲಿ. ವಿಜ್ಞಾನ ಓದುವ ನಮ್ಮ ಕಡೆಯ ಮಕ್ಕಳಿಗೆ ಇದು ಗೊತ್ತಿರಲಿ ಎಂಬ ಆಸೆ ನನ್ನದು.

ಆದರೆ ಹಿಮದ ಮುಚ್ಚಳ ಎಲ್ಲ ಕಡೆಯೂ ಗಟ್ಟಿಯಾಗಿಲ್ಲ. ಕೆನಡಾದ ಉತ್ತರದ ತುದಿಯಲ್ಲಿರುವ ವಾರ್ಡ್ ಹಂಟ್ ಸರೋವರದ ಮೇಲೆ ಬೇಸಿಗೆಯಲ್ಲೂ ನಾಲ್ಕು ಮೀಟರಿನಷ್ಟು ಹಿಮ ಇರುತ್ತಿತ್ತು. 2011ರ ಆಗಸ್ಟಿನಲ್ಲಿ ಅದು ಪೂರ್ತಿ ಕರಗಿತು. ಹಿಮ ಹೋದರೆ ಬೆಳಕು ಜಾಸ್ತಿಯಾಗುತ್ತದೆ, ಒಳ್ಳೆಯದೇ ಅಲ್ವಾ ಎನಿಸಬಹುದು. ಮಬ್ಬಿಗೆ ಒಗ್ಗಿಕೊಂಡ ಜೀವಿಗಳಿಗೆ ಒಮ್ಮೆಲೇ ಬೀಳುವ ಬಿಸಿಲು ಪೆಟ್ಟು ಕೊಡುತ್ತದೆ. ಗಾಳಿ ನೀರನ್ನು ಕಲಕುತ್ತದೆ. ಪಾನಕದ ಹಾಗೆ ಪದರಪದರವಾಗಿ ಇದ್ದ ಕಡೆ, ಆ ಪದರದ ಮೇಲೆಯೇ ನಿಂತ ಬದುಕು ಕದಡುತ್ತದೆ. ನನಗೆ ಇದರ ಬಗ್ಗೆ ನಿಜಕ್ಕೂ ಚಿಂತೆ ಇದೆ.

ಇದನ್ನು ಬರೆಯುವಾಗ ಇಲ್ಲಿ ಆಷಾಢ. ಮಧ್ಯಾಹ್ನ ಮೂರು ಗಂಟೆಗೇ ದೀಪ ಹಾಕಿಕೊಂಡಿದ್ದೇವೆ, ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಯಾಗಿದೆ. ಮರಿಗೆಯಲ್ಲಿ ಮಳೆನೀರು ತುಂಬಿ ಹರಿಯುತ್ತಿದೆ, ಗುಳ್ಳೆ ಒಂದೂ ಇಲ್ಲ. ಫ್ರಿಕ್ಸೆಲ್‌ನಲ್ಲಿ ಈಗ ಪೂರ್ತಿ ಕತ್ತಲು. ಅಲ್ಲಿಗೆ ಸೂರ್ಯ ಮರಳುವುದು ಆಗಸ್ಟ್ ಕೊನೆಯ ಹೊತ್ತಿಗೆ, ಇಲ್ಲಿ ಶ್ರಾವಣದ ಎಳೆಬಿಸಿಲು ಬೀಳುವಾಗ.